ಆಯಿಲ್ ಕೂಲರ್ ಹಾಕಿದ ಮೇಲೂ ಮಿಯಾಟಾ ಆಯಿಲ್ 135 ಡಿಗ್ರಿ! ಏನಾಗಿರಬಹುದು?

ಸ್ಯಾನ್‌ಹೋಸೆ ಸವಾರ:
ತಲೆ ಕೆಟ್ಟುಹೋಗಿದೆ. ನನ್ನ ಮಜ್ದಾ ಮಿಯಾಟಾ ಸ್ಪೋರ್ಟ್ಸ್ ಕಾರಿಗೆ ದುಡ್ಡು ಸುರಿದು ಆಯಿಲ್ ಕೂಲರ್ ಹಾಕಿಸಿದೆ. 19 ಸಾಲಿನ ಕೂಲರ್, ಎಎನ್-10 ಅಳತೆಯ ಹೋಸ್, ಎಂಜಿನ್‌ಗೂ ಆಯಿಲ್ ಫಿಲ್ಟರ್‌ಗೂ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟ್, ಎಲ್ಲವೂ ಒಳ್ಳೆಯ ಮಾಲು. ಶನಿವಾರ ಇಲ್ಲಿ ಕ್ಯಾಲಿಫೋರ್ನಿಯಾದ ಥಂಡರ್‌ಹಿಲ್ ರೇಸ್ ಟ್ರ್ಯಾಕ್‌ಗೆ ಹೋದೆ. ನಾಲ್ಕನೇ ಸುತ್ತಿಗೇ ಆಯಿಲ್ 135. ಕೂಲರ್ ಇಲ್ಲದಾಗಲೂ ಹೆಚ್ಚುಕಮ್ಮಿ ಇಷ್ಟೇ ಇತ್ತು. ಲೀಕ್ ಇಲ್ಲ, ಫಿಟ್ಟಿಂಗ್ ಎಲ್ಲಾ ಸರಿ ಇದೆ. ಕೂಲರ್ರೇ ಡಿಫೆಕ್ಟಾ? ವಾಪಸ್ ಕಳಿಸಲಾ? ಬೇಗ ಹೇಳಿ, ಮುಂದಿನ ಟ್ರ್ಯಾಕ್ ಡೇ ಹತ್ತಿರ ಬಂತು.

ಗೇರ್‌ಬಾಕ್ಸ್ ಗೌಡ:
ಕೂಲಂಟ್ ರೀರೂಟ್, ಅಂದ್ರೆ ಎಂಜಿನ್ ತಣಿಸುವ ನೀರು ಹೆಡ್‌ನ ಹಿಂದಿನಿಂದ ಆಚೆ ಬರುವಂತೆ ದಾರಿ ಬದಲಿಸೋದು, ಮಾಡಿಸಿದ್ದೀರಾ? ಇಲ್ಲ ಅಂದ್ರೆ ಮೊದಲು ಅದನ್ನು ಮಾಡಿಸಿ. ಈ ಎಂಜಿನ್ ಕುಟುಂಬ ಮಜ್ದಾ 323ರಲ್ಲಿ ಅಡ್ಡಡ್ಡ ಕೂರುತ್ತಿತ್ತು. ಅಲ್ಲಿ ನೀರು ಒಂದು ತುದಿಯಿಂದ ಒಳಗೆ ಹೋಗಿ ಹೆಡ್‌ನ ಇನ್ನೊಂದು ತುದಿಯಿಂದ ಆಚೆ ಬರುತ್ತಿತ್ತು. ಮಿಯಾಟಾದಲ್ಲಿ ಉದ್ದಕ್ಕೆ ಕೂರಿಸಿದರು, ನೀರಿನ ದಾರಿಯನ್ನು ಮುಂದಕ್ಕೆ ತಂದರು. ಈಗ ಮುಂದೆಯೇ ಒಳಗೆ, ಮುಂದೆಯೇ ಆಚೆ. ಹಿಂದಿನ ನಾಲ್ಕನೇ ಸಿಲಿಂಡರ್‌ಗೆ ಹರಿವು ಕಮ್ಮಿ. ಹೆಡ್ ಕಾದರೆ ಆಯಿಲ್ ಕಾಯದೇ ಇರುತ್ತಾ?

ಹಾಸನದ ಹೆಡ್‌ಗ್ಯಾಸ್ಕೆಟ್:
ಯಾವ ಆಯಿಲ್ ಹಾಕಿದ್ದೀರಿ ಅಂತಾನೇ ಬರೆದಿಲ್ಲ. 5ಡಬ್ಲ್ಯು-30 ಆದರೆ ಅದೇ ಕಾರಣ. 20ಡಬ್ಲ್ಯು-50 ಹಾಕಿ, ಆರಾಮಾಗಿ ಓಡಿಸಿ.

ಎಂಜಿನ್ ಮೇಷ್ಟ್ರು:
ದಪ್ಪ ಆಯಿಲ್ ತಣ್ಣಗೆ ಮಾಡಲ್ಲ ಸರ್. ಬಿಸಿಯಲ್ಲೂ ಪದರ ಗಟ್ಟಿಯಾಗಿ ನಿಲ್ಲುತ್ತೆ, ಅದು ಬೇರೆ ಲಾಭ. 100 ಡಿಗ್ರಿಯಲ್ಲಿ 30 ದರ್ಜೆಯ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ಸ್ (ದಪ್ಪದ ಅಳತೆ) ಒಳಗಿರುತ್ತೆ, 40ರದ್ದು 12.5ರಿಂದ 16.3. ದಪ್ಪ ಆದಷ್ಟೂ ಒಳಗಿನ ಉಜ್ಜಾಟ ಜಾಸ್ತಿ, ಬಿಸಿ ಒಂದು ಚೂರು ಏರಬಹುದೇ ಹೊರತು ಇಳಿಯಲ್ಲ.

ಸವಾರ ಅವರೇ, ಇಷ್ಟು ಹೇಳಿ: ಯಾವ ವರ್ಷದ ಕಾರು? ಪ್ಲೇಟ್‌ನಲ್ಲಿ ಥರ್ಮೋಸ್ಟಾಟ್ (ಆಯಿಲ್ ಬಿಸಿಯಾದ ಮೇಲೆ ಕೂಲರ್ ಕಡೆ ಬಿಡುವ ಕವಾಟ) ಇದೆಯಾ? ಟೆಂಪರೇಚರ್ ಸೆನ್ಸರ್ ಎಲ್ಲಿ ಕೂರಿಸಿದ್ದೀರಿ? ನೀರು ಎಷ್ಟಿತ್ತು? ಕೂಲರ್ ಎಲ್ಲಿದೆ? ಮುಂಭಾಗದ ಒಂದು ಫೋಟೋ ಹಾಕಿ.

ಸ್ಯಾನ್‌ಹೋಸೆ ಸವಾರ:
1999ರ 1.8. ಸೆನ್ಸರ್ ಸ್ಯಾಂಡ್‌ವಿಚ್ ಪ್ಲೇಟ್‌ನಲ್ಲೇ ಇದೆ, ಎಲ್ಲರೂ ಅಲ್ಲೇ ಅಲ್ವಾ ಹಾಕೋದು? ಥರ್ಮೋಸ್ಟಾಟ್ ಇದೆ, 80ಕ್ಕೆ ತೆರೆಯುವಂಥದ್ದು. ನೀರು 98. ಆಯಿಲ್ 5ಡಬ್ಲ್ಯು-40 ಸಿಂಥೆಟಿಕ್. ಕೂಲರ್ ರೇಡಿಯೇಟರ್ ಮುಂದೆ. ಫೋಟೋ ಸಂಜೆ ಹಾಕುತ್ತೇನೆ.

ಗೇರ್‌ಬಾಕ್ಸ್ ಗೌಡ:
ನೀರು 98 ಅಂತ ಯಾರು ಹೇಳಿದ್ದು? ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ. ಈ ಕಾರಿನ ಮುಳ್ಳು ನಡುವೆಯೇ ನಿಂತಿರುತ್ತೆ, ಅಲ್ಲಾಡುವಷ್ಟರಲ್ಲಿ ತಡ ಆಗಿರುತ್ತೆ. ರೀರೂಟ್ ಕಿಟ್ ತರಿಸಿ.

ಸ್ಯಾನ್‌ಹೋಸೆ ಸವಾರ:
ಮುಳ್ಳಲ್ಲ ಗೌಡ್ರೇ, ಕಾರಿನ ಕಂಪ್ಯೂಟರ್‌ಗೆ ಸಿಕ್ಕಿಸುವ ಒಬಿಡಿ ರೀಡರ್‌ನಲ್ಲಿ ನೋಡಿದ್ದು. ನನ್ನ ಪ್ರಶ್ನೆ ಆಯಿಲ್ ಬಗ್ಗೆ.

ಮ್ಯೂನಿಕ್ ಮಲೆನಾಡಿಗ:
ಕೂಲರ್ ಫಿಟ್ಟಿಂಗ್ (ಹೋಸ್ ಸೇರುವ ಬಾಯಿ) ಮೇಲಕ್ಕಿದೆಯಾ, ಕೆಳಕ್ಕಾ? ಕೆಳಕ್ಕಿದ್ದರೆ ಗಾಳಿ ಮೇಲೆ ಸಿಕ್ಕಿಹಾಕಿಕೊಂಡು ಅರ್ಧ ಕೂಲರ್ ಕೆಲಸಕ್ಕೆ ಬರಲ್ಲ. ನನ್ನದು ಎನ್‌ಸಿ (ಮೂರನೇ ತಲೆಮಾರಿನ ಮಿಯಾಟಾ), ಫಿಟ್ಟಿಂಗ್ ಮೇಲಕ್ಕಿಟ್ಟು ನಾನೇ ಬ್ರ್ಯಾಕೆಟ್ ಮಾಡಿಕೊಂಡೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆ ಟ್ರ್ಯಾಕ್‌ನಲ್ಲಿ 20.8 ಕಿ.ಮೀ.ನ ಪೂರ್ತಿ ಸುತ್ತು ಎಳೆದರೂ 110 ದಾಟಲ್ಲ. ವಸಂತದಲ್ಲಿ ಅಲ್ಲಿನ ಐಫೆಲ್ ಬೆಟ್ಟದ ಚಳಿಗೆ ಅರ್ಧ ಕೂಲರ್‌ಗೆ ಟೇಪ್ ಅಂಟಿಸಬೇಕಾಗುತ್ತೆ. ಆಯಿಲ್ ಚೆನ್ನಾಗಿ ಕಾಯದಿದ್ದರೆ ಒಳಗಿನ ನೀರಿನ ಪಸೆ ಹೋಗಲ್ಲ.

ಎಂಜಿನ್ ಮೇಷ್ಟ್ರು:
ಕೆಳಕ್ಕಿದ್ದರೂ ಆಯಿಲ್ ರಭಸಕ್ಕೆ ಗಾಳಿ ಸಾಮಾನ್ಯವಾಗಿ ಹೊರಟುಹೋಗುತ್ತೆ. ಮೇಲಕ್ಕಿದ್ದರೆ ಒಳ್ಳೆಯದು, ಅದನ್ನು ಒಪ್ಪುತ್ತೇನೆ. ಐಫೆಲ್ ಚಳಿಯನ್ನು ಜುಲೈ ತಿಂಗಳ ಥಂಡರ್‌ಹಿಲ್‌ಗೆ ಹೋಲಿಸೋಕೆ ಮಾತ್ರ ಆಗಲ್ಲ.

ಸವಾರ ಅವರೇ, ಸೆನ್ಸರ್ ವಿಷಯ ಮುಖ್ಯ. ಆಯಿಲ್ ಹೋಗೋ ದಾರಿ ಹೀಗೆ: ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ), ಪಂಪ್, ಪ್ಲೇಟ್, ಅಲ್ಲಿಂದ ಕೂಲರ್, ತಿರುಗಿ ಪ್ಲೇಟ್, ಫಿಲ್ಟರ್, ಆಮೇಲೆ ಬೇರಿಂಗ್. ಸೆನ್ಸರ್ ಪ್ಲೇಟ್‌ನ ಒಳಹರಿವಿನ ಕಡೆ ಇದ್ದರೆ ಅದು ತೋರಿಸೋದು ಕೂಲರ್‌ಗೆ ಹೋಗುವ ಮುಂಚಿನ ಬಿಸಿಯನ್ನು. ಬೇರಿಂಗ್‌ಗೆ ಎಷ್ಟು ಡಿಗ್ರಿಯ ಆಯಿಲ್ ತಲುಪುತ್ತಿದೆ ಅಂತ ಅದರಿಂದ ತಿಳಿಯಲ್ಲ. ಕೂಲರ್ ಒಳಗೆ ಹೋಗುವ ಹೋಸ್, ಆಚೆ ಬರುವ ಹೋಸ್, ಎರಡರ ಬಿಸಿಯನ್ನೂ ಅಳೆಯಿರಿ.

ಹಾಸನದ ಹೆಡ್‌ಗ್ಯಾಸ್ಕೆಟ್:
ಇನ್‌ಫ್ರಾರೆಡ್ ಗನ್ ತಗೊಂಡು ಪಿಟ್‌ಗೆ ಬಂದ ತಕ್ಷಣ ಹೊಡೀರಿ. ಎರಡು ನಿಮಿಷದ ಕೆಲಸ.

ಎಂಜಿನ್ ಮೇಷ್ಟ್ರು:
ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಗನ್ ತಪ್ಪು ತೋರಿಸುತ್ತೆ, ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು. ಅಲ್ಲದೆ ನಿಂತ ಕಾರಿನಲ್ಲಿ ಕೂಲರ್‌ಗೆ ಗಾಳಿಯೇ ಇಲ್ಲ. ಆಯಿಲ್ ಹರಿಯುತ್ತಿದೆಯಾ ಅಂತ ತಿಳಿಯಬಹುದು ಅಷ್ಟೇ. ಒಂದು ಹೋಸ್ ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಥರ್ಮೋಸ್ಟಾಟ್ ಕೆಟ್ಟಿರಬಹುದು. ಎರಡು ಥರ್ಮೋಕಪಲ್‌ಗಳನ್ನು (ಬಿಸಿ ಅಳೆಯುವ ವೈರ್) ಫಿಟ್ಟಿಂಗ್‌ಗೆ ಬಿಗಿದು, ವೈರ್ ಒಳಗೆ ಎಳೆದು, ಓಡುವಾಗ ನೋಡಿ.

ಇಂದಿರಾನಗರ ಟಿಎಸ್‌ಐ:
ನಡುವೆ ಬಂದೆ, ಕ್ಷಮಿಸಿ. ಬೆಂಗಳೂರಲ್ಲಿ ಪೋಲೋ ಇದೆ. ಕಾಯಿಲ್‌ಓವರ್ ಸಸ್ಪೆನ್ಶನ್, ಸೆಮಿ ಸ್ಲಿಕ್ ಟೈರ್, ಸ್ಟೀಲ್ ಬ್ರೇಕ್ ಲೈನ್ ಎಲ್ಲಾ ಆಗಿದೆ, ಎಂಜಿನ್ ಕಂಪ್ಯೂಟರ್ ರೀಮ್ಯಾಪ್ ಕೂಡ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಆಗಾಗ ಹೋಗುತ್ತೇನೆ. ನನಗೂ ಆಯಿಲ್ ಕೂಲರ್ ಬೇಕಾ?

ಎಂಜಿನ್ ಮೇಷ್ಟ್ರು:
ಆಯಿಲ್ ಟೆಂಪರೇಚರ್ ಗೇಜ್ ಇದೆಯಾ? ಮೊದಲು ಅದನ್ನು ಹಾಕಿ. ಅಳೆಯದೆ ಕೂಲರ್ ತಗೋಬೇಡಿ. ಹಾಕೋದಾದರೆ ಸ್ಯಾಂಡ್‌ವಿಚ್ ಪ್ಲೇಟ್‌ನ ಥ್ರೆಡ್ ನೋಡಿಕೊಳ್ಳಿ. ಮಿಯಾಟಾ ಫಿಲ್ಟರ್‌ದು ಎಂ20-1.5 (20 ಮಿ.ಮೀ. ಅಗಲ), ಮುಕ್ಕಾಲು ಇಂಚಿನದ್ದು ಬರೀ 19.05 ಮಿ.ಮೀ. ಕೈಗೆ ಎರಡೂ ಒಂದೇ ಥರ ಅನಿಸುತ್ತೆ. ತಪ್ಪಿದರೆ ಟ್ರ್ಯಾಕ್ ತುಂಬಾ ಆಯಿಲ್ ಚೆಲ್ಲುತ್ತೆ, ಹಿಂದೆ ಬರುವವರ ಜೀವಕ್ಕೆ ಅಪಾಯ.

ಸ್ಯಾನ್‌ಹೋಸೆ ಸವಾರ:
ಫೋಟೋ ಹಾಕಿದ್ದೇನೆ. ಥರ್ಮೋಕಪಲ್ ಕೂಡ ಕಟ್ಟಿದೆ. ಓಡುವಾಗ ಒಳಗೆ 131, ಆಚೆ 126. ಬರೀ 5 ಡಿಗ್ರಿ.

ಎಂಜಿನ್ ಮೇಷ್ಟ್ರು:
ಅಂದ್ರೆ ಆಯಿಲ್ ಹರಿಯುತ್ತಿದೆ, ಥರ್ಮೋಸ್ಟಾಟ್ ಸರಿ ಇದೆ, ಕೂಲರ್‌ಗೆ ಗಾಳಿ ಸಿಗುತ್ತಿಲ್ಲ. ಫೋಟೋದಲ್ಲೇ ಕಾಣುತ್ತಿದೆ: ಮಿಯಾಟಾದ ಮುಂದಿನ ಗಾಳಿ ಬಾಯಿಗೆ ಅಡ್ಡವಾಗಿ ನಂಬರ್ ಪ್ಲೇಟ್ ನೇತಾಡುತ್ತಿದೆ, ಕೂಲರ್ ನೇರ ಅದರ ಹಿಂದಿದೆ. ಸುತ್ತ ಕೈ ತೂರುವಷ್ಟು ಸಂದು. ಗಾಳಿಗೆ ಸುಲಭದ ದಾರಿ ಸಿಕ್ಕರೆ ಕೂಲರ್ ಒಳಗೆ ಯಾಕೆ ನುಗ್ಗುತ್ತೆ? ಟ್ರ್ಯಾಕ್‌ನಲ್ಲಿ ನಂಬರ್ ಪ್ಲೇಟ್ ಬಿಚ್ಚಿಡಿ. ಬಾಯಿಯಿಂದ ಕೂಲರ್‌ವರೆಗೆ ಅಲ್ಯೂಮಿನಿಯಂ ತಗಡು ಕಟ್ಟಿ, ಅಂಚಿಗೆ ಫೋಮ್ ತುಂಬಿ.

ಹಾಸನದ ಹೆಡ್‌ಗ್ಯಾಸ್ಕೆಟ್:
ಕ್ಯಾಲಿಫೋರ್ನಿಯಾದಲ್ಲಿ ಮುಂದಿನ ಪ್ಲೇಟ್ ಇಲ್ಲದಿದ್ದರೆ ಟಿಕೆಟ್ ಹಾಕ್ತಾರೆ.

ಮ್ಯೂನಿಕ್ ಮಲೆನಾಡಿಗ:
ಟ್ರ್ಯಾಕ್ ಒಳಗೆ ಯಾರು ಟಿಕೆಟ್ ಹಾಕ್ತಾರೆ ಸರ್? ಅಲ್ಲಿ ಬಿಚ್ಚಿ, ಮನೆಗೆ ಹೊರಡುವಾಗ ಹಾಕಿಕೊಳ್ಳಲಿ.

ಸ್ಯಾನ್‌ಹೋಸೆ ಸವಾರ:
ಮೇಷ್ಟ್ರೇ, ನಂಬರ್ ಪ್ಲೇಟ್ ಬಿಚ್ಚಿ, ತಗಡು, ಫೋಮ್ ಎಲ್ಲಾ ಹಾಕಿದೆ. ನಿನ್ನೆ ಅದೇ ಟ್ರ್ಯಾಕ್: ಒಳಗೆ 120, ಆಚೆ 104! ತುಂಬಾ ಥ್ಯಾಂಕ್ಸ್. ಆದರೆ ಈಗ ನೀರು 102ಕ್ಕೆ ಏರಿದೆ.

ಗೇರ್‌ಬಾಕ್ಸ್ ಗೌಡ:
ನಿನ್ನೆ ಹವೆ ಹೋದ ಸಲದಷ್ಟು ಬಿಸಿ ಇತ್ತಾ? ಅದನ್ನು ಬರೆಯದೆ ಗೆದ್ದೆ ಅನ್ನಬೇಡಿ. ನೀರು ಏರಿದೆ ಅಂತ ಈಗ ನೀವೇ ಹೇಳ್ತಿದ್ದೀರಿ. ರೀರೂಟ್ ಅಂತ ಮೊದಲ ದಿನವೇ ಬರೆದಿದ್ದೆ.

ಎಂಜಿನ್ ಮೇಷ್ಟ್ರು:
ಗೌಡ್ರು ಹವೆ ಬಗ್ಗೆ ಕೇಳಿದ್ದು ಸರಿ. ಆದರೆ ಒಳಗೂ ಆಚೆಗೂ ಇರುವ ವ್ಯತ್ಯಾಸ 5ರಿಂದ 16ಕ್ಕೆ ಹೋಗಿದೆ, ಅಷ್ಟನ್ನೂ ಹವೆಯ ಲೆಕ್ಕಕ್ಕೆ ಹಾಕೋಕೆ ಆಗಲ್ಲ. ಈಗ ಆಯಿಲ್ ಬಿಟ್ಟ ಬಿಸಿ ನೇರ ರೇಡಿಯೇಟರ್‌ಗೆ ಬಡಿಯುತ್ತೆ, ಹಾಗಾಗಿ ನೀರು ಸ್ವಲ್ಪ ಏರೋದು ಸಹಜ. ರೇಡಿಯೇಟರ್ ಕೆಳಗಿನ ಪ್ಲಾಸ್ಟಿಕ್ ಅಂಡರ್‌ಟ್ರೇ ಇದೆ ತಾನೆ?

ಸ್ಯಾನ್‌ಹೋಸೆ ಸವಾರ:
ಅಂಡರ್‌ಟ್ರೇನಾ? ಹೋಸ್ ಎಳೆಯುವಾಗ ಫಿಟ್ಟರ್ ಬಿಚ್ಚಿದರು, ತಿರುಗಿ ಕೂರಲಿಲ್ಲ. ಗ್ಯಾರೇಜಿನಲ್ಲಿದೆ. ಅದಕ್ಕೂ ನೀರಿಗೂ ಸಂಬಂಧ ಇದೆಯಾ?

ಎಂಜಿನ್ ಮೇಷ್ಟ್ರು:
ತುಂಬಾ ಇದೆ. ಅದಿಲ್ಲದಿದ್ದರೆ ಮುಂದಿನಿಂದ ಬಂದ ಗಾಳಿ ರೇಡಿಯೇಟರ್ ಒಳಗೆ ಹೋಗದೆ ಕೆಳಗಿಂದ ಜಾರಿಹೋಗುತ್ತೆ, ರೇಡಿಯೇಟರ್ ಹಿಂದೆ ಒತ್ತಡವೂ ಏರುತ್ತೆ. ಹೋಸ್ ಹೋಗುವಷ್ಟು ಜಾಗ ಕತ್ತರಿಸಿ, ಟ್ರೇ ತಿರುಗಿ ಹಾಕಿ. ರೀರೂಟ್‌ಗೆ ದುಡ್ಡು ಕೊಡೋದು ಆಮೇಲೆ ನೋಡೋಣ.

ಗೇರ್‌ಬಾಕ್ಸ್ ಗೌಡ:
ಟ್ರೇ ಹಾಕಿ, ಬೇಡ ಅನ್ನಲ್ಲ. ನಾಲ್ಕನೇ ಸಿಲಿಂಡರ್‌ಗೆ ಅದರಿಂದ ನೀರು ಹೋಗಲ್ಲ ಅಷ್ಟೇ.

ಇಂದಿರಾನಗರ ಟಿಎಸ್‌ಐ:
ಗೇಜ್ ಯಾವುದು ಹಾಕಲಿ ಅಂತ ಯಾರಾದರೂ ಹೇಳ್ತೀರಾ?