ವಾಲ್ಕಿರಿಗೆ ಕನ್ನಡದಲ್ಲಿ ಏನನ್ನೋಣ? ‘ವೀರವನಿತೆ’ ಸಾಲುತ್ತಾ?

ಎಲ್ಲರಿಗೂ ನಮಸ್ಕಾರ.

‘ವಾಲ್ಕಿರಿ’ ಅನ್ನೋ ಪದದ ಬಗ್ಗೆ ನಿಮ್ಮ ಸಹಾಯ ಬೇಕು. ಉತ್ತರ ಯುರೋಪಿನ ಹಳೆಯ ಪುರಾಣಗಳಲ್ಲಿ ಕಾಳಗದಲ್ಲಿ ಸತ್ತ ವೀರರನ್ನು ಆರಿಸಿ ಕರೆದೊಯ್ಯುವ ಹೆಣ್ಣು ಅವಳು. ಬರಹ ಸ್ವಲ್ಪ ಉದ್ದ ಆಗುತ್ತದೆ, ಯಾಕಂದರೆ ಹಿಂದುಮುಂದು ಹೇಳದೆ ಪದ ಮಾತ್ರ ಕೇಳಿದರೆ ನಾನು ಮೊದಲು ಕೊಟ್ಟ ಉತ್ತರವನ್ನೇ ನೀವೂ ಕೊಡುತ್ತೀರಿ.

ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಮಾರ್ವೆಲ್ ಕಾಮಿಕ್ಸ್ ಅಂದರೆ ಅವಳಿಗೆ ಪ್ರಾಣ. ಶಾಲೆಯ ಗೋಡೆ ಪತ್ರಿಕೆಗೆ ವಾಲ್ಕಿರಿ ಅನ್ನೋ ಪಾತ್ರದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದಾಳೆ, ಯಾವ ವರ್ಷ ಯಾವ ಸಂಚಿಕೆಯಲ್ಲಿ ಬಂದಳು ಅನ್ನೋದನ್ನೆಲ್ಲ ಸೇರಿಸಿ. ‘ಮಾವ, ವಾಲ್ಕಿರಿ ಅಂದ್ರೆ ಕನ್ನಡದಲ್ಲಿ ಏನು?’ ಅಂತ ಕೇಳಿದಳು. ‘ವೀರವನಿತೆ ಅಂತ ಬರಿ’ ಅಂದೆ. ‘ಓಬವ್ವನಿಗೂ ಹಾಗೇ ಅಂತೀವಲ್ವಾ? ಓಬವ್ವ ಸತ್ತವರನ್ನ ಎಲ್ಲಿಗೂ ಕರ್ಕೊಂಡು ಹೋಗಲಿಲ್ಲವಲ್ಲ’ ಅಂದಳು. ಅವಳ ಮಾತು ಸರಿ. ಅವತ್ತಿನಿಂದ ಇದು ತಲೆಯಲ್ಲೇ ಕೂತಿದೆ.

ಮೂಲ ಪದ ಹಳೆಯ ನಾರ್ಸ್ ಭಾಷೆಯ ‘ವಲ್ಕುರ್ಯ’. ‘ವಲ್’ ಅಂದರೆ ಕಾಳಗದಲ್ಲಿ ಸತ್ತುಬಿದ್ದವರು. ಉಳಿದ ಭಾಗ ‘ಆರಿಸು’ ಅನ್ನೋ ಅರ್ಥದ ಕ್ರಿಯಾಪದದಿಂದ ಬಂದದ್ದು. ಅಂದರೆ ಬಿದ್ದವರಲ್ಲಿ ಆರಿಸುವವಳು. ಇಡೀ ಪದದಲ್ಲಿ ಕತ್ತಿ ಇಲ್ಲ, ಶೌರ್ಯ ಇಲ್ಲ, ಹೆಣ್ಣು ಹೋರಾಡಿದಳು ಅನ್ನೋ ಸುಳಿವೂ ಇಲ್ಲ. ಇರುವುದು ಒಂದು ಕೆಲಸ. ಐಸ್‌ಲ್ಯಾಂಡಿನ ಸ್ನೊರ್ರಿ ಸ್ಟುರ್ಲುಸನ್ 13ನೇ ಶತಮಾನದಲ್ಲಿ ಬರೆದಿಟ್ಟ ಎಡ್ಡಾ ಅನ್ನೋ ಪುರಾಣ ಗ್ರಂಥದಲ್ಲಿ ದೇವತೆಗಳ ಒಡೆಯ ಓಡಿನ್ ಇವರನ್ನು ಪ್ರತಿ ಕಾಳಗಕ್ಕೂ ಕಳಿಸುತ್ತಾನೆ. ಯಾರು ಸಾಯಬೇಕು, ಯಾರು ಗೆಲ್ಲಬೇಕು ಅನ್ನೋದನ್ನು ಇವರೇ ತೀರ್ಮಾನ ಮಾಡುತ್ತಾರೆ. ವಲ್‌ಹಾಲಾದಲ್ಲಿ, ಅಂದರೆ ಸತ್ತ ವೀರರು ಸೇರುವ ಓಡಿನ್ ಅರಮನೆಯಲ್ಲಿ, ಆ ವೀರರಿಗೆ ಕುಡಿಯಲು ಬಡಿಸುವವರೂ ಇವರೇ.

ಕಾಮಿಕ್ಸಿಗೆ ಬಂದಾಗ ಈ ಅರ್ಥ ತುಂಬಾ ಕಾಲ ಕಾಣೆಯಾಯಿತು. ನನ್ನ ಪ್ರಶ್ನೆ ಇರುವುದು ಇಲ್ಲೇ.

ಮಾರ್ವೆಲ್‌ನಲ್ಲಿ ವಾಲ್ಕಿರಿ ಮೊದಲು ಕಾಣಿಸಿಕೊಂಡದ್ದು ಅವೆಂಜರ್ಸ್ 83ನೇ ಸಂಚಿಕೆಯಲ್ಲಿ, 1970ರ ಡಿಸೆಂಬರ್. ಬರೆದವರು ರಾಯ್ ಥಾಮಸ್, ಚಿತ್ರ ಜಾನ್ ಬುಸೆಮಾ. ಅಮೆರಿಕದಲ್ಲಿ ಹೆಣ್ಣುಮಕ್ಕಳ ಹಕ್ಕಿನ ಚಳವಳಿ ಜೋರಾಗಿದ್ದ ಕಾಲ. ಕತೆಯಲ್ಲಿ ವಾಲ್ಕಿರಿ ಬಂದು ವಾಸ್ಪ್, ಬ್ಲ್ಯಾಕ್ ವಿಡೋ, ಸ್ಕಾರ್ಲೆಟ್ ವಿಚ್, ಮೆಡೂಸಾ ಅನ್ನೋ ನಾಯಕಿಯರನ್ನೆಲ್ಲ ಸೇರಿಸಿ ಗಂಡಸರ ಮೇಲೆ ಎತ್ತಿಕಟ್ಟುತ್ತಾಳೆ. ಕೊನೆಗೆ ನೋಡಿದರೆ ಅವಳು ವಾಲ್ಕಿರಿಯೇ ಅಲ್ಲ, ಎನ್‌ಚಾಂಟ್ರೆಸ್ ಅನ್ನೋ ಮಾಟಗಾತಿ ಹಾಕಿಕೊಂಡ ವೇಷ. ಮುಂದಿನ ವರ್ಷ ಹಲ್ಕ್ 142ನೇ ಸಂಚಿಕೆಯಲ್ಲಿ ಅದೇ ಮಾಟಗಾತಿ ಸಮಾಂತಾ ಪ್ಯಾರಿಂಗ್ಟನ್ ಅನ್ನೋ ಹುಡುಗಿಯನ್ನು ವಾಲ್ಕಿರಿ ಮಾಡಿ ಹಲ್ಕ್ ಮೇಲೆ ಬಿಡುತ್ತಾಳೆ. ಆಮೇಲೆ 1973ರ ಫೆಬ್ರವರಿಯಲ್ಲಿ ಡಿಫೆಂಡರ್ಸ್ 4ನೇ ಸಂಚಿಕೆ. ಬುದ್ಧಿ ಕಳೆದುಕೊಂಡು ಸೆರೆಯಲ್ಲಿದ್ದ ಬಾರ್ಬರಾ ನಾರಿಸ್ ಅನ್ನೋ ಹೆಂಗಸು ಈ ಸಲ ವಾಲ್ಕಿರಿಯಾಗುತ್ತಾಳೆ. ಸ್ಟೀವ್ ಎಂಗಲ್‌ಹಾರ್ಟ್ ಬರೆದದ್ದು, ಸ್ಯಾಲ್ ಬುಸೆಮಾ ಚಿತ್ರ. ಓದುಗರ ಮನಸ್ಸಿನಲ್ಲಿ ನಿಂತವಳು ಇವಳೇ. ಹೊಂಬಣ್ಣದ ಎರಡು ಜಡೆ, ಕೈಯಲ್ಲಿ ಕತ್ತಿ, ಏರಲು ರೆಕ್ಕೆಯ ಕುದುರೆ.

ಈ ಮೂರರಲ್ಲೂ ‘ವಾಲ್ಕಿರಿ’ ಅನ್ನೋದು ಒಬ್ಬರ ಮೇಲೆ ಇನ್ನೊಬ್ಬರು ಹೊದಿಸಿದ ಬಟ್ಟೆ ಇದ್ದ ಹಾಗೆ. ಡಿಫೆಂಡರ್ಸ್‌ನ ವಾಲ್ಕಿರಿಗೆ ತಾನು ಯಾರು ಅನ್ನೋದೇ ಗೊತ್ತಿಲ್ಲ. ಬಾರ್ಬರಾಳ ಗಂಡ ಬಂದು ‘ನೀನು ನನ್ನ ಹೆಂಡತಿ’ ಅಂದರೆ ಅವಳಿಗೆ ಅವನ ನೆನಪೇ ಇಲ್ಲ. ಇನ್ನೂ ಒಂದು ವಿಚಿತ್ರ, ಮಾಟದ ಕಟ್ಟಿನಿಂದಾಗಿ ಅವಳು ಇನ್ನೊಬ್ಬ ಹೆಣ್ಣಿನ ಜೊತೆ ಕಾದಾಡುವ ಹಾಗಿಲ್ಲ. ಹೊಡೆಯಲು ಹೋದರೆ ಬಲವೇ ಹೋಗುತ್ತದೆ. ಹತ್ತಾರು ವರ್ಷ ಅವಳು ಗುಂಪಿನಲ್ಲಿ ಕತ್ತಿ ಹಿಡಿದ ಗಟ್ಟಿಗಿತ್ತಿ. ಬಿದ್ದವರಲ್ಲಿ ಆರಿಸುವ ಕೆಲಸ ಅವಳ ಪಾಲಿಗೆ ಬಂದದ್ದು ಕಡಿಮೆ. ಆ ಕಾಲದ ವಾಲ್ಕಿರಿಯನ್ನು ‘ವೀರವನಿತೆ’ ಅಂದರೆ ನನಗೆ ತಕರಾರಿಲ್ಲ. ಆಮೇಲೆ ಕತೆ ಬೆಳೆದು, ನಿಜವಾದ ವಾಲ್ಕಿರಿ ಬ್ರುನ್‌ಹಿಲ್ಡೆ ಬೇರೆ, ಬಾರ್ಬರಾ ಬೇರೆ ಅಂತಾಯಿತು. ಡಿಫೆಂಡರ್ಸ್ 1986ರಲ್ಲಿ ನಿಂತಿತು.

2019ರಲ್ಲಿ ವಿಷಯ ಬದಲಾಯಿತು. ಗುಡುಗಿನ ದೇವರು ಥಾರ್‌ನ ಕತೆಗಳ ಜೇನ್ ಫಾಸ್ಟರ್ ನಿಮಗೆ ಗೊತ್ತಿರಬಹುದು. 1962ರಲ್ಲಿ ನರ್ಸ್ ಆಗಿ ಬಂದವಳು, 2014ರಲ್ಲಿ ತಾನೇ ಸುತ್ತಿಗೆ ಹಿಡಿದು ಥಾರ್ ಆದವಳು. ವಾಲ್ಕಿರಿಯರೆಲ್ಲ ಕಾಳಗದಲ್ಲಿ ಸತ್ತ ಮೇಲೆ ಆ ಜಾಗಕ್ಕೆ ಅವಳು ಬರುತ್ತಾಳೆ. ಜೇಸನ್ ಆರನ್ ಮತ್ತು ಆಲ್ ಯೂಯಿಂಗ್ ಬರೆದ ಆ ಸರಣಿಯಲ್ಲಿ ಅವಳ ದಿನದ ಕೆಲಸ ಎಲ್ಲಿ ಗೊತ್ತಾ? ಆಸ್ಪತ್ರೆಯ ಶವಾಗಾರದಲ್ಲಿ. ಯಾರಿಗೆ ಸಾವು ಹತ್ತಿರ ಬಂದಿದೆ ಅನ್ನೋದು ಅವಳ ಕಣ್ಣಿಗೆ ಕಾಣುತ್ತದೆ. ಸತ್ತವರನ್ನು ದಾಟಿಸುವ ಹೊಣೆ ಅವಳದು. ಸುಮಾರು ಐವತ್ತು ವರ್ಷ ಆದ ಮೇಲೆ ಪದದ ಹುಟ್ಟರ್ಥವೇ ಪಾತ್ರವಾಗಿ ಬಂತು. ಇವಳನ್ನು ಹೇಗೆ ‘ವೀರವನಿತೆ’ ಅನ್ನಲಿ?

ಬೇರೆ ಪದಗಳನ್ನೂ ಇಟ್ಟು ನೋಡಿದೆ. ‘ವೀರನಾರಿ’ ಆಗುವುದಿಲ್ಲ. ಸೈನ್ಯದವರು ಅದನ್ನು ಈಗ ಹುತಾತ್ಮ ಯೋಧರ ಹೆಂಡತಿಯರಿಗೆ ಬಳಸುತ್ತಾರೆ, ಆ ಪದವನ್ನು ಅವರಿಗೇ ಬಿಡಬೇಕು. ‘ಯುದ್ಧದೇವತೆ’ ಅಂದರೆ ಪೂಜೆ ಮಾಡಿಸಿಕೊಳ್ಳುವವಳು ಅನ್ನಿಸುತ್ತದೆ, ವಾಲ್ಕಿರಿ ಓಡಿನ್ ಹೇಳಿದ ಕೆಲಸ ಮಾಡುವವಳು. ‘ಯಮದೂತಿ’ ಅಂದರೆ ಹೆದರಿಕೆ.

ಆಗ ನೆನಪಾದದ್ದು ನಮ್ಮ ವೀರಗಲ್ಲುಗಳು. ನನ್ನ ತಾಯಿಯ ಊರಿನ ಕೆರೆ ಏರಿಯ ಹತ್ತಿರ ಒಂದಿದೆ, ಅರ್ಧ ಮಣ್ಣಲ್ಲಿ ಹೂತಿದೆ. ಹೋದ ತಿಂಗಳು ಅಕ್ಕನ ಮಗಳನ್ನು ಕರೆದುಕೊಂಡು ಹೋಗಿ, ಕಲ್ಲಿಗೆ ನೀರು ಹಾಕಿ ಒರೆಸಿ ತೋರಿಸಿದೆ. ಕೆಳಗಿನ ಪಟ್ಟಿಯಲ್ಲಿ ಹಸುಗಳ ಸಾಲು, ಬಿಲ್ಲು ಹಿಡಿದ ವೀರ. ನಡುವಿನ ಪಟ್ಟಿಯಲ್ಲಿ ಅದೇ ವೀರ, ಆಚೆ ಈಚೆ ಇಬ್ಬರು ಹೆಂಗಸರು. ಒಬ್ಬಳ ಕೈ ಅವನ ತೋಳಿನ ಕೆಳಗಿದೆ, ಕಾಲು ನೆಲಕ್ಕೆ ತಾಗಿಲ್ಲ. ಮೇಲೆ ಲಿಂಗ, ಅದರ ಮೇಲೆ ಸೂರ್ಯ ಚಂದ್ರ. ‘ಮಾವ, ಇವರೂ ವಾಲ್ಕಿರಿಯರೇ’ ಅಂದಳು. ಇವರನ್ನೇ ಸುರಾಂಗನೆಯರು ಅನ್ನುವುದು. ಎಷ್ಟೋ ವೀರಗಲ್ಲುಗಳಲ್ಲಿ ಆ ಶ್ಲೋಕ ಕೆತ್ತಿರುತ್ತಾರಲ್ಲ, ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ’, ಗೆದ್ದರೆ ಸಿರಿ, ಸತ್ತರೆ ಸುರಾಂಗನೆ.

ಹಾಗಾದರೆ ‘ಸುರಾಂಗನೆ’ ಅನ್ನಬಹುದಾ? ನನಗೆ ಬಹಳ ಆಸೆ ಇತ್ತು, ಆದರೆ ಒಂದು ತೊಡಕಿದೆ. ನಮ್ಮ ಸುರಾಂಗನೆ ಆರಿಸುವುದಿಲ್ಲ. ತುರುವಿಗಾಗಿ, ಊರಿಗಾಗಿ ಸತ್ತವನಿಗೆ ಅವಳು ಸಿಕ್ಕೇ ಸಿಗುತ್ತಾಳೆ. ಶ್ಲೋಕದಲ್ಲಿ ಅವಳು ವೀರನಿಗೆ ಬರುವ ಫಲ. ವಾಲ್ಕಿರಿ ಯಾರಿಗೂ ಸಿಗುವ ಫಲ ಅಲ್ಲ. ತೀರ್ಮಾನ ಅವಳ ಕೈಯಲ್ಲಿದೆ. ನೋಡಲು ಎರಡೂ ಒಂದೇ ಥರ, ಒಳಗೆ ತಿರುವುಮುರುವು.

ಈಗ ನನ್ನ ಸಲಹೆ ಹೇಳುತ್ತೇನೆ. ‘ಆಯು’ ಅನ್ನೋ ನಮ್ಮ ಕ್ರಿಯಾಪದ ಇದೆಯಲ್ಲ, ಅದನ್ನು ಯಾಕೆ ಹಿಡಿಯಬಾರದು? ಹುಣಸೆ ಮರದ ಕೆಳಗೆ ಬಿದ್ದ ಹಣ್ಣು ಆಯುತ್ತೇವೆ, ಚಿಂದಿ ಆಯುತ್ತಾರೆ, ಅದು ನೆಲಕ್ಕೆ ಬಿದ್ದದ್ದನ್ನು ಎತ್ತಿಕೊಳ್ಳುವುದು. ‘ಆಯ್ದ ಕವಿತೆಗಳು’ ಅಂದಾಗ ಹಲವರಲ್ಲಿ ಕೆಲವನ್ನು ಆರಿಸುವುದು. ಬಿದ್ದವರು, ಆರಿಸುವುದು, ಎತ್ತಿಕೊಂಡು ಹೋಗುವುದು, ಮೂರೂ ಒಂದೇ ಮಾತಿನಲ್ಲಿ ಬಂತು! ‘ಆರಿಸು’ವಿನಲ್ಲಿ ನೆಲ ಇಲ್ಲ, ‘ಆಯು’ವಿನಲ್ಲಿ ನೆಲ ಇದೆ. 2017ರ ಥಾರ್ ಸಿನಿಮಾ ನೋಡಿದವರಿಗೆ ಇದು ಇನ್ನೂ ಹಿಡಿಸುತ್ತದೆ. ಅದರಲ್ಲಿ ಟೆಸ್ಸಾ ಥಾಂಪ್ಸನ್ ಮಾಡಿದ ವಾಲ್ಕಿರಿಯನ್ನು ಅಲ್ಲಿನವರು ‘ಸ್ಕ್ರ್ಯಾಪರ್ 142’ ಅಂತ ಕರೆಯುತ್ತಾರೆ. ಆ ಹಲ್ಕ್ ಸಂಚಿಕೆಯ ಅಂಕಿಯೇ ಇದು. ಸ್ಕ್ರ್ಯಾಪರ್ ಅಂದರೆ ಗುಜರಿ ಆಯುವವಳು. ಕಸದ ರಾಶಿಯ ನಡುವಿಂದ ಅವಳು ಥಾರ್‌ನನ್ನೇ ಆಯ್ದುಕೊಂಡು ಹೋಗುತ್ತಾಳೆ. ಅವಳ ಹಳೆಯ ಕೆಲಸಕ್ಕೂ ಹೊಸ ಕೆಲಸಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ ಸಾಕು.

ತೊಂದರೆ ಇರುವುದು ಪದ ಕಟ್ಟುವುದರಲ್ಲಿ. ‘ಕಲಿಗಳನ್ನು ಆಯುವವಳು’ ಅಂದರೆ ವಿವರಣೆ ಆಯಿತು, ಪದ ಆಗಲಿಲ್ಲ. ‘ಆಯ್ಕೆಗಾರ್ತಿ’ ಅಂದರೆ ಕ್ರಿಕೆಟ್ ತಂಡ ಆರಿಸುವವರ ನೆನಪು ಬರುತ್ತದೆ. ಓದುಗ, ಕೇಳುಗ, ನೋಡುಗ ಇದ್ದ ಹಾಗೆ ‘ಆಯುಗ’ ಮಾಡಬಹುದು, ಆದರೆ ಅದಕ್ಕೆ ಹೆಣ್ಣು ರೂಪ ಏನು? ಆಯುಗಿತ್ತಿ? ಗಟ್ಟಿಗಿತ್ತಿ, ಬೆಡಗಿತ್ತಿ ಕೇಳಿದ ಕಿವಿಗೆ ಅದು ಅಷ್ಟು ಹೊಸದಲ್ಲ. ‘ಕಲಿಯಾಯುಗಿತ್ತಿ’ ಅಂತ ಸೇರಿಸಿದರೆ ಬಾಯಿಗೆ ಭಾರ, ‘ಕಲಿಯಾಯ್ಗಿತ್ತಿ’ ಅಂದರೆ ಸ್ವಲ್ಪ ಹಗುರ. ದೀರ್ಘಾಯು, ಅಲ್ಪಾಯು ಇವುಗಳ ‘ಆಯು’ ಅಡ್ಡ ಬರುತ್ತದಾ ಅನ್ನೋ ಅನುಮಾನವೂ ಇದೆ.

ಇನ್ನೆರಡು ಸಣ್ಣ ವಿಷಯ. ಹೆಸರನ್ನು ಹಾಗೇ ಇಟ್ಟುಕೊಂಡರೆ ವಾಲ್ಕಿರಿ, ವಾಲ್ಕೈರಿ ಎರಡೂ ಬರಹದಲ್ಲಿ ನೋಡಿದ್ದೇನೆ. ನಾನು ‘ವಾಲ್ಕಿರಿ’ ಪರ. ಬಹುವಚನ ಮಾತ್ರ ದಯವಿಟ್ಟು ‘ವಾಲ್ಕಿರಿಗಳು’ ಬೇಡ, ರಾಣಿಯರು ಇದ್ದ ಹಾಗೆ ‘ವಾಲ್ಕಿರಿಯರು’ ಆಗಲಿ. ಇನ್ನೊಂದು, ಇದು ಹೆಸರೋ ಹುದ್ದೆಯೋ ಅನ್ನೋ ಗೊಂದಲ. ಅದರ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. ನಮ್ಮ ಹಳ್ಳಿಗಳಲ್ಲಿ ‘ಶಾನುಭೋಗರು ಬಂದರು’, ‘ಪಟೇಲರು ಕರೆದರು’ ಅಂತ ಹುದ್ದೆಯನ್ನೇ ಹೆಸರು ಮಾಡಿ ತಲೆಮಾರುಗಟ್ಟಲೆ ಕರೆದಿದ್ದೇವೆ, ಓದುಗರಿಗೆ ಇದು ತಾನಾಗಿಯೇ ಅರ್ಥವಾಗುತ್ತದೆ.

ಹಳಗನ್ನಡ, ಶಾಸನ ಓದಿಕೊಂಡವರು ಇಲ್ಲಿ ಇದ್ದೀರಿ. ರಣದಲ್ಲಿ ಬಿದ್ದವರನ್ನು ‘ಆಯ್ದು’ ಕರೆದೊಯ್ದರು ಅನ್ನೋ ಥರದ ಬಳಕೆ ಎಲ್ಲಾದರೂ ಕಂಡಿದ್ದೀರಾ? ‘-ಗಿತ್ತಿ’ ಪ್ರತ್ಯಯ ಧಾತುವಿಗೆ ನೇರವಾಗಿ ಹತ್ತಿದ ಉದಾಹರಣೆ ಇದ್ದರೆ ಅದನ್ನೂ ತಿಳಿಸಿ. ಗೋಡೆ ಪತ್ರಿಕೆಯ ಹಾಳೆ ಬರುವ ಸೋಮವಾರ ಅಂಟಿಸುತ್ತಾರಂತೆ. ಶೀರ್ಷಿಕೆಯ ಜಾಗವನ್ನು ಅವಳು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಖಾಲಿ ಬಿಟ್ಟಿದ್ದಾಳೆ.