ಸಹಾಯ ಬೇಕು: ಮೆಟ್ಟುಗತ್ತಿಗೂ ಅಡುಗೆಮನೆಯ ಚಾಕುವಿಗೂ ಹೊಂದುವ ನೀರಿನ ಸಾಣೆಕಲ್ಲು ಯಾವುದು?

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಸಮೀಪದ ಅಡಿಕೆ ಬೆಳೆಗಾರರು. ಅಡಿಕೆ ಸುಲಿಯುವ ಮೆಟ್ಟುಗತ್ತಿಗಳನ್ನೂ ಅಡುಗೆಮನೆಯ ಎರಡು ಚಾಕುಗಳನ್ನೂ ಇದುವರೆಗೆ ಅಜ್ಜನ ಕಾಲದ ಕಲ್ಲಿನ ಮೇಲೆಯೇ ಮಸೆಯುತ್ತಿದ್ದೆವು. ಆದರೆ ಅದರ ನಡುವೆ ಬೆರಳು ಕೂರುವಷ್ಟು ಹಳ್ಳ ಬಿದ್ದಿರುವುದರಿಂದ ಅಲಗು ಒಂದೇ ಕೋನದಲ್ಲಿ ನಿಲ್ಲದೆ, ತುದಿ ಹರಿತವಾದರೂ ಬುಡ ಮೊಂಡಾಗಿಯೇ ಉಳಿಯುತ್ತಿದೆ. ಮೊನ್ನೆ ಹಣ್ಣು ಟೊಮೆಟೊ ಹೆಚ್ಚಲು ಹೋದಾಗ ಸಿಪ್ಪೆ ಸೀಳದೆ ಹಣ್ಣೇ ಜಜ್ಜಿಹೋಯಿತು.

ಆದ್ದರಿಂದ ನೀರಿನಲ್ಲಿ ನೆನೆಸಿ ಬಳಸುವ ಜಪಾನಿ ಮಾದರಿಯ ಕಲ್ಲು ಕೊಳ್ಳಬೇಕೆಂದಿದ್ದೇನೆ. ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪಾಗಿರುತ್ತದೆ, 400ರ ಆಸುಪಾಸಿನದು ಮುಕ್ಕಾದ ಅಲಗಿಗೆ, 1000 ದಿನಬಳಕೆಗೆ, 3000ದಿಂದ 6000 ಕೊನೆಯ ನಯಕ್ಕೆ ಎಂಬಷ್ಟು ತಿಳಿದಿದೆ. ಒಂದು ಬದಿ 1000, ಇನ್ನೊಂದು ಬದಿ 6000 ಇರುವ ಜೋಡಿ ಕಲ್ಲು ಸಾಕೇ, ಅಥವಾ 400 ಮತ್ತು 1000ದ ಬಿಡಿ ಕಲ್ಲುಗಳೇ ಮೇಲೇ? ಅಡಿಕೆ ಸಿಪ್ಪೆಯ ನಾರಿಗೆ ತುಸು ಒರಟು ಅಲಗೇ ಒಳ್ಳೆಯದು, 6000ದ ನಯ ಅಲ್ಲಿ ಅನಗತ್ಯ ಎಂಬುದು ನನ್ನ ಅನಿಸಿಕೆ.

ನೀರಿನ ಕಲ್ಲು ಬೇಗ ಸವೆಯುವುದರಿಂದ ಅದನ್ನು ಮಟ್ಟಸ ಮಾಡಲು ಏನು ಬಳಸುತ್ತೀರಿ, ನಮ್ಮ ಮಳೆಗಾಲದ ತೇವದಲ್ಲಿ ಅದನ್ನು ಹೇಗೆ ಒಣಗಿಸಿ ಇಡುತ್ತೀರಿ ಎಂಬುದನ್ನು ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.