ನಿಜವಾದ ಇತಿಹಾಸವನ್ನು ಆಟದ ಮೇಜಿಗೆ ತಂದವರು ಅನುಭವ ಹೇಳುವಿರಾ?

ಹೊಸ ಗೇಮ್ ಮಾಸ್ಟರ್: ನಾವು ಆಡುವುದು ಪಾತ್ರ ವಹಿಸುವ ಮೇಜಿನ ಆಟ; ಕಥೆ ನಡೆಸಿ ತೀರ್ಪು ಕೊಡುವ ಗೇಮ್ ಮಾಸ್ಟರ್ ನಾನು. ನನ್ನ ಗುಂಪಿಗಾಗಿ ಹಲವು ಭೇಟಿಗಳಲ್ಲಿ ನಡೆಯುವ ದೀರ್ಘವಾದ ಕ್ಯಾಂಪೇನ್ (ಕಥಾಸರಣಿ) ಒಂದನ್ನು ಸಿದ್ಧಪಡಿಸುತ್ತಿದ್ದೇನೆ. ನಿಜವಾಗಿ ನಡೆದ ಯುದ್ಧವನ್ನು ಹೆಸರು, ವರ್ಷಗಳ ಸಮೇತ ಇಟ್ಟುಕೊಳ್ಳಬೇಕೋ, ಅದರ ಎಳೆಯನ್ನಷ್ಟೇ ತೆಗೆದುಕೊಂಡು ಕಲ್ಪಿತ ರಾಜ್ಯಗಳಿಗೆ ಹೊಂದಿಸಬೇಕೋ ಎಂದು ತೀರ್ಮಾನಿಸಲಾಗುತ್ತಿಲ್ಲ. ಆಟಗಾರರಲ್ಲಿ ಇಬ್ಬರಿಗೆ ಇತಿಹಾಸದಲ್ಲಿ ಆಸಕ್ತಿಯೇ ಇಲ್ಲ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಹಡಗಿನ ಲೆಕ್ಕಿಗ: ಹೆಸರು ಸಮೇತವೇ ಇಡಿ. ನಾನು ನಾಲ್ಕನೆಯ ಕ್ರುಸೇಡನ್ನು, ಎಂದರೆ ಜೆರುಸಲೇಮ್ ಗೆಲ್ಲಲೆಂದು ಹೊರಟ ಯುರೋಪಿನ ಕ್ರೈಸ್ತರ ದಂಡಯಾತ್ರೆಯನ್ನು, ಇದ್ದದ್ದು ಇದ್ದಂತೆ ಆಡಿಸಿದವನು. 1201ರ ಒಪ್ಪಂದದ ಪ್ರಕಾರ 33,500 ಜನರನ್ನೂ 4,500 ಕುದುರೆಗಳನ್ನೂ ಸಾಗಿಸಲು ವೆನಿಸ್ 85,000 ಬೆಳ್ಳಿ ಮಾರ್ಕ್ ಕೇಳಿತ್ತು. ಮರುವರ್ಷ ಬಂದು ಸೇರಿದವರು ಸುಮಾರು ಮೂರನೆಯ ಒಂದು ಪಾಲು ಮಾತ್ರ, ಇದ್ದದ್ದೆಲ್ಲವನ್ನೂ ಸುರಿದ ಮೇಲೂ 34,000 ಮಾರ್ಕ್ ಬಾಕಿ ಉಳಿಯಿತು. ಕಣ್ಣು ಕಾಣದ ಮುದುಕ, ವೆನಿಸ್‌ನ ಡೋಜ್ (ಚುನಾಯಿತ ಅಧಿಪತಿ) ಎನ್ರಿಕೊ ಡಾಂಡೊಲೊ, ಸಾಲ ಮುಂದೂಡಬೇಕಾದರೆ ಝಾರಾ ಪಟ್ಟಣವನ್ನು ಗೆದ್ದುಕೊಡಿ ಎನ್ನುತ್ತಾನೆ. ಆ ಪಟ್ಟಣವೋ, ತಾನೂ ಕ್ರುಸೇಡಿನ ಶಪಥ ಮಾಡಿ ಶಿಲುಬೆ ತೊಟ್ಟಿದ್ದ ಹಂಗೇರಿಯ ದೊರೆಯ ರಕ್ಷಣೆಯಲ್ಲಿತ್ತು. ಇಷ್ಟು ಬಿಗಿಯಾದ ಕಥೆಯನ್ನು ಮನಸ್ಸಿನಿಂದ ಹೊಸೆಯಲು ನನಗಂತೂ ಸಾಧ್ಯವಿರಲಿಲ್ಲ.

ನಷ್ಟವಾಗಲಿಲ್ಲವೇ ಎಂದರೆ, ಆಯಿತು. ಝಾರಾದ ಬಂದರನ್ನು ಗೋಪುರ ಗೋಪುರವಾಗಿ ಬರೆದಿದ್ದೆ, ಕಾನ್‌ಸ್ಟಾಂಟಿನೋಪಲ್‌ನ ಬಂದರಾದ ಗೋಲ್ಡನ್ ಹಾರ್ನ್‌ಗೆ ಅಡ್ಡ ಕಟ್ಟಿದ್ದ ಸರಪಳಿಗೆ ಬೇರೆಯೇ ನಿಯಮ ಬರೆದಿದ್ದೆ, ಒಬ್ಬೊಬ್ಬ ನೈಟ್‌ನ ಕುದುರೆ, ಮೇವು, ಬಾಡಿಗೆಗಳ ಖಾತೆಯನ್ನು ಪ್ರತ್ಯೇಕ ಹಾಳೆಗಳಲ್ಲಿ ಮುದ್ರಿಸಿದ್ದೆ. ಆಟಗಾರರು ಝಾರಾಕ್ಕೆ ಹೋಗಲೇ ಇಲ್ಲ. ವೆನಿಸ್‌ನ ಖಜಾನೆಗೆ ಕನ್ನ ಹಾಕಿ, ವೆನಿಸ್‌ನ ಹಣದಿಂದಲೇ ವೆನಿಸ್‌ನ ಸಾಲ ತೀರಿಸಲು ಹೊರಟರು. ನಾಣ್ಯಗಳ ಗುರುತು ಹತ್ತುವಂತೆ ಮಾಡಿ, ಶಿಕ್ಷೆಯ ರೂಪದಲ್ಲಿ ಅವರನ್ನು ಹಡಗು ಹತ್ತಿಸಿದೆ. ಒಬ್ಬರು ಸಿಟ್ಟಾಗಿ ಗುಂಪು ಬಿಟ್ಟರು. ಆಮೇಲೆ ಆಟ ಇನ್ನೂ ಚೆನ್ನಾಯಿತು ಎಂಬುದೇ ನನ್ನ ಅಭಿಪ್ರಾಯ.

ಕಲ್ಪಿತ ನಕ್ಷೆ: ಮೇಲಿನವರು ವರ್ಣಿಸಿರುವುದು, ಆಟಗಾರರ ಆಯ್ಕೆ ಕಸಿದು ಒಂದೇ ಹಳಿಯ ಮೇಲೆ ಓಡಿಸುವ ಶುದ್ಧ ರೈಲ್‌ರೋಡಿಂಗ್. ಹೆಸರು ಬದಲಿಸಿದ್ದರೆ ಆ ಆಟಗಾರರು ಸಾಲ ತೀರಿಸಿ ಗೆಲ್ಲಬಹುದಿತ್ತು, ಯಾರೂ ಎದ್ದು ಹೋಗುತ್ತಿರಲಿಲ್ಲ.

ನಾನು ರೋಮ್‌ನ ಗದ್ದುಗೆಗೆ ಒಬ್ಬರ ಮೇಲೊಬ್ಬರು ಏರಿದ ಕ್ರಿ.ಶ. 69ರ ನಾಲ್ವರು ಚಕ್ರವರ್ತಿಗಳ ವರ್ಷವನ್ನು ಪೂರ್ತಿ ವೇಷ ಬದಲಿಸಿ ಆಡಿಸಿದೆ. ಅಂಗರಕ್ಷಕ ಪಡೆಗೆ ತನ್ನ ಪರವಾಗಿ ಮಾತು ಕೊಟ್ಟಿದ್ದ ಇನಾಮನ್ನು ಮೊದಲನೆಯವನಾದ ಗಾಲ್ಬಾ ಕೊಡದೆ ಹೋದದ್ದು, ಜನವರಿ 15ರಂದು ಅದೇ ಪಡೆಯ ಕೈಯಲ್ಲಿ ಸತ್ತದ್ದು, ಅಷ್ಟರಲ್ಲಾಗಲೇ ರೈನ್ ನದಿಯ ಸೈನ್ಯ ವಿಟೆಲಿಯಸ್‌ನನ್ನು ಚಕ್ರವರ್ತಿಯೆಂದು ಎತ್ತಿಹಿಡಿದದ್ದು, ಈ ಮೂರನ್ನು ಹಾಗೆಯೇ ಉಳಿಸಿಕೊಂಡೆ. ಬೆಲೆ ತೆತ್ತದ್ದು ನಕ್ಷೆಯಲ್ಲಿ. ಈಜಿಪ್ಟಿನ ಧಾನ್ಯ ವೆಸ್ಪಾಸಿಯನ್‌ನ ಹಿಡಿತದಲ್ಲಿದ್ದದ್ದು ಕಥೆಗೆ ಬೇಕೆಂದರೆ ಸಮುದ್ರದಾಚೆ ಒಂದು ಕಣಜದ ನಾಡು ಬೇಕು. ಅದು ಬಂದರೆ ಹಡಗು ನಡೆಯುವ ಋತು ಬೇಕು. ಋತು ಬಂದರೆ ಗಾಳಿಯ ದಿಕ್ಕು ಬೇಕು, ದಿಕ್ಕು ಬದಲಾದರೆ ಮರುಭೂಮಿಯನ್ನು ಇನ್ನೊಂದು ಪಕ್ಕಕ್ಕೆ ಸರಿಸಬೇಕು. ಒಂದು ಪರ್ವತಶ್ರೇಣಿಯನ್ನಂತೂ ಎಷ್ಟು ಬಾರಿ ಅಳಿಸಿ ಬರೆದೆನೋ. ಇಷ್ಟಾದ ಮೇಲೆ ಒಬ್ಬ ಮಹಾಶಯರು ಮೂಲವನ್ನು ಪತ್ತೆ ಹಚ್ಚಿ, ಮೊದಲಿನಿಂದಲೂ ಕೊನೆಗೆ ಗೆದ್ದ ನಾಲ್ಕನೆಯವನ, ಎಂದರೆ ವೆಸ್ಪಾಸಿಯನ್‌ನ, ಪಕ್ಷವನ್ನೇ ಹಿಡಿದರು. ಧಾನ್ಯದ ಹಡಗುಗಳನ್ನು ಬಿರುಗಾಳಿಯಲ್ಲಿ ಮುಳುಗಿಸಿದೆ; ಅವರ ಮುಖ ನೋಡುವಂತಿತ್ತು.

ಹಡಗಿನ ಲೆಕ್ಕಿಗ: ನಾನು ನಾಣ್ಯಕ್ಕೆ ಗುರುತು ಹಾಕಿದರೆ ರೈಲ್‌ರೋಡಿಂಗ್, ತಾವು ಹಡಗು ಮುಳುಗಿಸಿದರೆ ಹವಾಮಾನವೇ?

ಕಲ್ಪಿತ ನಕ್ಷೆ: ಬಿರುಗಾಳಿಗೆ ದಾಳ ಹಾಕಿಯೇ ತೀರ್ಮಾನಿಸಿದ್ದೇನೆ, ಎಲ್ಲರ ಕಣ್ಣೆದುರಿನಲ್ಲಿ.

ಕೋಷ್ಟಕ ಬೇಡ: ದಾಳದ ಹಿಂದೆ ಅಡಗಿಕೊಳ್ಳುವುದು ಹಳೆಯ ರೋಗ. 1824ರಲ್ಲಿ ರೈಸ್‌ವಿಟ್ಸ್ ಪ್ರಷ್ಯದ ಸೈನ್ಯಕ್ಕೆ ಯುದ್ಧ ಕಲಿಸುವ ಮೇಜಿನ ಆಟವಾದ ಕ್ರೀಗ್‌ಸ್ಪೀಲ್ ನಿಯಮಗಳನ್ನು ಕೊಟ್ಟಾಗ ದಾಳ, ಕೋಷ್ಟಕಗಳೆಲ್ಲವೂ ಇದ್ದವು. 1876ರಲ್ಲಿ ಅಲ್ಲಿಯದೇ ಸೇನಾಧಿಕಾರಿ ವೆರ್ಡಿ ದ್ಯು ವೆರ್ನ್ವಾ ಅವನ್ನು ಬದಿಗಿಟ್ಟು, ಅನುಭವಿ ತೀರ್ಪುಗಾರನ ವಿವೇಚನೆಗೇ ಆಟವನ್ನು ಒಪ್ಪಿಸಿದರು. ನಾನು ಅದೇ ದಾರಿ ಹಿಡಿದು ಹಾನಿಯ ಕೋಷ್ಟಕಗಳನ್ನೆಲ್ಲ ತೆಗೆದುಹಾಕಿದೆ. ತೀರ್ಪು ಬಂದಾಗಲೆಲ್ಲ ವಾದ ನಡೆಯಿತು, ಒಂದು ಕಾಳಗಕ್ಕೆ ಇಡೀ ಸಂಜೆ ಹೋಯಿತು, ಗೆಳೆತನವೊಂದು ಇಂದಿಗೂ ಸರಿಹೋಗಿಲ್ಲ. ಆದರೂ ಕೋಷ್ಟಕಕ್ಕೆ ಮರಳುವುದಿಲ್ಲ.

ದಂಡಿನ ಹಿಂದೆ: ಸಾಲ, ಧಾನ್ಯ, ದಾಳಗಳ ಮಾತೇ ಆಯಿತು. ಊರುಗಳಲ್ಲಿ ಇದ್ದವರ ಗತಿ? ಜರ್ಮನಿಯ ನೆಲವನ್ನು ಹಾಳುಗೆಡವಿದ ಮೂವತ್ತು ವರ್ಷಗಳ ಯುದ್ಧವನ್ನು ನಾನು ನಿಜವಾದ ಹೆಸರುಗಳಲ್ಲೇ ಆಡಿಸಿದೆ. 1631ರ ಮಾಗ್ಡೆಬರ್ಗ್ ಪಟ್ಟಣದ ಲೂಟಿಯಲ್ಲಿ ಸತ್ತವರು ಸುಮಾರು 20,000 ಜನ. ಆಟಗಾರರು ಗೋಡೆಯೊಳಗೆ ಇರಲಿ ಎಂದು ಮೊದಲೇ ಎಲ್ಲರನ್ನೂ ಕೇಳಿ ಒಪ್ಪಿಸಿದ್ದೆ. ಹಾಗಿದ್ದೂ ಆ ಸಂಜೆ ಆಟ ಅರ್ಧಕ್ಕೆ ನಿಂತಿತು, ಮುಂದಿನ ಭೇಟಿಗೆ ಯಾರೂ ದಿನ ಗೊತ್ತುಮಾಡಲಿಲ್ಲ. ವರ್ಷ, ಹೆಸರು ನಿಜವಾಗಿದ್ದಾಗ ಸತ್ತವರೂ ನಿಜವಾಗಿರುತ್ತಾರೆ. ಲೆಕ್ಕಿಗರೇ, ತಮ್ಮ ಹಡಗು 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಲೂಟಿಗೆ ತಲುಪಿದಾಗ ತಾವು ಎಷ್ಟು ಅಂಕ ಹಂಚಿದಿರಿ?

ಹೊಸ ಗೇಮ್ ಮಾಸ್ಟರ್: ಎಲ್ಲರಿಗೂ ವಂದನೆಗಳು. ಆಸಕ್ತಿಯಿಲ್ಲದ ಆ ಇಬ್ಬರ ವಿಷಯ?

ಹಡಗಿನ ಲೆಕ್ಕಿಗ: ಲೂಟಿಗೆ ಒಂದು ಅಂಕವನ್ನೂ ಕೊಡಲಿಲ್ಲ. ಝಾರಾ ಮುತ್ತಿಗೆಗೆ ಒಪ್ಪದೆ ಫ್ರೆಂಚ್ ಸರದಾರ ಸಿಮೊನ್ ದ ಮೋಂಫೋರ್ ದಂಡು ಬಿಟ್ಟು ಹೊರಟುಹೋದದ್ದು ಇತಿಹಾಸವೇ. ಆ ದಾರಿಯನ್ನು ನನ್ನ ಆಟಗಾರರಿಗೂ ತೆರೆದಿಟ್ಟಿದ್ದೆ. ಅದನ್ನು ಯಾರೂ ಹಿಡಿಯಲಿಲ್ಲ ಎಂಬುದಕ್ಕೆ ನನ್ನನ್ನು ಕಟಕಟೆಗೆ ಏರಿಸುವುದು ನ್ಯಾಯವಲ್ಲ.

ಕಲ್ಪಿತ ನಕ್ಷೆ: ಶಿಕ್ಷೆಯೆಂದು ಹಡಗು ಹತ್ತಿಸಿದವರಿಗೆ ಬಿಟ್ಟು ಹೋಗುವ ದಾರಿ ಯಾವ ಬಾಗಿಲಲ್ಲಿತ್ತು, ಸ್ವಾಮಿ? ಎದ್ದು ಹೋದ ಆ ಒಬ್ಬರು ಮಾತ್ರ ಅದನ್ನು ಕಂಡುಕೊಂಡರು.